ನಮ್ಮ ಪೋಡಿನಲ್ಲಿ ನಾನೇ ಸಂಶೋಧನೆ ಮಾಡಬಹುದೇ?

ಪ್ರಶ್ನೆ: ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗಿ. ಬೆಂಗಳೂರಿನಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ನಮ್ಮ ಪೋಡುಗಳಲ್ಲಿ (ಸೋಲಿಗರ ಹಾಡಿಗಳಲ್ಲಿ) ಕಂಡುಬರುವ, ತಂದೆ ತಾಯಿಯಿಂದ ಬಂದು ಕೀಲು, ಮೂಳೆಗಳ ನೋವು ತರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್ ರಕ್ತಹೀನತೆಯ ಬಗ್ಗೆ ಪ್ರಬಂಧ ಬರೆಯುವ ಆಸೆಯಿದೆ. ಸ್ವಂತ ಜನರ ಬಗ್ಗೆ ಬರೆದರೆ ಪಕ್ಷಪಾತವಾಗುತ್ತದೆಂದು ಅಧ್ಯಾಪಕರೊಬ್ಬರು ಹೇಳುತ್ತಾರೆ. ಏನು ಮಾಡಲಿ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಹಿಂಜರಿಯದೆ ಈ ವಿಷಯವನ್ನೇ ಆರಿಸಿಕೊಳ್ಳಿ. ಪಕ್ಷಪಾತದ ಅಪಾಯ ಹೊರಗಿನಿಂದ ಬರುವವರಿಗೂ ಇದ್ದೇ ಇದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನ ಹವಸೂಪೈ ಎಂಬ ಮೂಲನಿವಾಸಿ ಜನರಿಂದ ಮಧುಮೇಹದ ಅಧ್ಯಯನಕ್ಕೆಂದು 1990ರಿಂದ ಸಂಗ್ರಹಿಸಿದ ರಕ್ತವನ್ನು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಮನೋರೋಗ, ವಲಸೆ ಮುಂತಾದ ಬೇರೆ ಅಧ್ಯಯನಗಳಿಗೂ ಬಳಸಿದರು. ಆ ಜನ ನ್ಯಾಯಾಲಯದ ಮೆಟ್ಟಿಲೇರಿ, 2010ರ ಒಪ್ಪಂದದಲ್ಲಿ ತಮ್ಮ ರಕ್ತದ ಮಾದರಿಗಳನ್ನು ಮರಳಿ ಪಡೆಯಬೇಕಾಯಿತು. ನಿಮ್ಮ ಸಮುದಾಯದವರೇ ಆದ ಡಾ. ಸಿ. ಮಾದೇಗೌಡರು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರಾಗಿ ಸೋಲಿಗರ ಪೂಜಾಸ್ಥಳಗಳನ್ನು ನಕ್ಷೆಗಿಳಿಸುವ ಕೆಲಸದಲ್ಲಿ ಪಾಲ್ಗೊಂಡಿದ್ದನ್ನು ನಿಮ್ಮ ಅಧ್ಯಾಪಕರ ಗಮನಕ್ಕೆ ತನ್ನಿ.

ಸೋಲಿಗ ನುಡಿ ಕನ್ನಡಕ್ಕೆ ಹತ್ತಿರದ್ದಾದರೂ, ಅಚ್ಚಾದ ಪ್ರಶ್ನಾವಳಿ ಹಿಡಿದು ಬಂದವರು "ಕೀಲು ನೋವಿದೆಯೇ?" ಎಂದರೆ ವಯಸ್ಸಾದವರು "ಹೌದು" ಎಂದಷ್ಟೇ ಹೇಳಿ ಸುಮ್ಮನಾಗಬಹುದು. ಅದೇ ಅಜ್ಜಿ ನಿಮ್ಮೊಡನೆ ತಮ್ಮ ಮಾತಿನಲ್ಲಿ, ಚಳಿ ಬಿದ್ದಾಗ ನೋವು ಎಲ್ಲಿಂದ ಏಳುತ್ತದೆ, ಎಷ್ಟು ದಿನ ಕೆಲಸ ತಪ್ಪುತ್ತದೆ, ಆಸ್ಪತ್ರೆಗೆ ಏಕೆ ಹೋಗಲಿಲ್ಲ ಎಂಬುದನ್ನೆಲ್ಲ ಹೇಳಿಯಾರು. ಆದ್ದರಿಂದ ಸಂದರ್ಶನಗಳನ್ನು ಸೋಲಿಗ ನುಡಿಯಲ್ಲೇ ದಾಖಲಿಸಿ, ಕನ್ನಡಕ್ಕೆ ತಂದ ಮೇಲೂ ಮೂಲವನ್ನು ಕಾಪಾಡಿ.

ನನಗೆ ನಿಜವಾಗಿ ಆತಂಕವಿರುವುದು ಗೋಪ್ಯತೆಯ ಬಗ್ಗೆ. ತಂದೆ ತಾಯಿ ಇಬ್ಬರೂ ಸಿಕಲ್ ಸೆಲ್ ಗುಣದ ವಾಹಕರಾಗಿದ್ದರೆ (ತಮಗೆ ಕಾಯಿಲೆಯಿಲ್ಲದಿದ್ದರೂ ಅದನ್ನು ಮಕ್ಕಳಿಗೆ ದಾಟಿಸಬಲ್ಲವರಾಗಿದ್ದರೆ) ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25, ಹೀಗಾಗಿ ರಕ್ತಪರೀಕ್ಷೆಯ ಫಲಿತಾಂಶ ಮದುವೆಯ ಮಾತುಕತೆಯವರೆಗೂ ಹೋಗುತ್ತದೆ. ಕೆಲವೇ ಮನೆಗಳ ಪೋಡಿನಲ್ಲಿ "ಇಬ್ಬರು ಮಕ್ಕಳಿಗೂ ಕಾಯಿಲೆಯಿರುವ ತಾಯಿ" ಎಂದು ಬರೆದರೆ ಸಾಕು, ಹೆಸರು ಬಿಟ್ಟರೂ ಆಕೆ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಪೋಡಿನ ಹೆಸರನ್ನೂ ಮಕ್ಕಳ ಸಂಖ್ಯೆಯನ್ನೂ ಮರೆಮಾಡಿ. ನೀವು ಮನೆಮಗಳೆಂಬ ಕಾರಣಕ್ಕೆ ಅವರು ಇಲ್ಲವೆನ್ನಲು ಸಂಕೋಚಪಡಬಹುದು. ಆದ್ದರಿಂದ ಒಪ್ಪಿಗೆ ಪತ್ರವನ್ನು ಅವರ ನುಡಿಯಲ್ಲಿ ಓದಿ ಹೇಳಿ, ಯೋಚಿಸಲು ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಕಾಲೇಜಿನ ನೈತಿಕ ಸಮಿತಿಯ ಅನುಮತಿಯ ಜೊತೆಗೆ ಪೋಡಿನ ಹಿರಿಯರ ಸಮ್ಮತಿಯೂ ಬೇಕು. ಪ್ರಬಂಧ ಸಲ್ಲಿಸುವ ಮುನ್ನ ಅದರ ಸಾರವನ್ನು ಅವರ ಮುಂದಿಟ್ಟು, ಅವರು ಬೇಡವೆಂದ ವಿವರಗಳನ್ನು ತೆಗೆಯಿರಿ.