ಮನೆಗೆಲಸದ ನಡುವೆ ದಿನಾ ಡೈರಿ ಬರೆಯುವುದು ಹೇಗೆ? ನನ್ನ ಅಳತೆ ಪುಸ್ತಕದ ಕಥೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. "ಪ್ರತಿ ಜನವರಿ ಒಂದನೇ ತಾರೀಖು ಡೈರಿ ಶುರು ಮಾಡುತ್ತೇನೆ, ಸಂಕ್ರಾಂತಿಗೆ ಎಳ್ಳು ಬೀರುವ ಹೊತ್ತಿಗೆ ಬಿಟ್ಟು ಹೋಗಿರುತ್ತದೆ. ಮನೆ, ಮಕ್ಕಳು, ಅಡುಗೆ ಇಟ್ಟುಕೊಂಡು ದಿನಾ ಬರೆಯುವವರಿಗೆ ಟೈಮ್ ಎಲ್ಲಿ ಸಿಗುತ್ತದೆ? ಬರೆಯೋಕೆ ಏನಿರುತ್ತದೆ? ಮನೆಯವರು ಓದಿದರೆ? ಯಾವ ಪೆನ್ನು, ಯಾವ ಪುಸ್ತಕ?" ಅಂತ ಕೇಳಿದ್ದೀರಿ. ನಗು ಯಾಕೆ ಬಂತೆಂದರೆ, ನನ್ನ ಬೀರುವಿನಲ್ಲಿ ಅಂಥ ಡೈರಿಗಳು ಏಳು ಇವೆ. ಎಲ್ಲದರಲ್ಲೂ ಮೊದಲ ಹತ್ತು ಹನ್ನೆರಡು ಪುಟ ಮುತ್ತಿನಂಥ ಅಕ್ಷರ, ಆಮೇಲೆ ಖಾಲಿ. ಒಂದರಲ್ಲಿ ಮಾತ್ರ ಆಗಸ್ಟ್ ತಿಂಗಳ ಪುಟಗಳಲ್ಲಿ ಮಗಳು ಆನೆ ಬರೆದಿದ್ದಾಳೆ.

ನಾನು ತುಮಕೂರಿನವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್ಸ್ ಹಚ್ಚಿ ಕುಚ್ಚು ಕಟ್ಟಿಕೊಡುತ್ತೇನೆ. ಯಜಮಾನರು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಾರೆ, ಸುಮಾರು 70 ಕಿಲೋಮೀಟರ್ ಹೋಗೋದು, ಅಷ್ಟೇ ಬರೋದು. ಅತ್ತೆ, ಮಾವ, ಇಬ್ಬರು ಮಕ್ಕಳು. ಒಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ನಡುವೆ ನಾಲ್ಕು ತಿಂಗಳು ನಿಂತಿತ್ತು, ಆ ಕಥೆಯನ್ನೂ ಹೇಳುತ್ತೇನೆ.

ಮೊದಲು ಆ ತಾರೀಖು ಅಚ್ಚು ಹಾಕಿರುವ ಡೈರಿ ಬಿಡಿ. ಇನ್ಶೂರೆನ್ಸ್ ಏಜೆಂಟ್ ಪುಕ್ಕಟೆ ಕೊಟ್ಟರೂ ಬೇಡ. ಮೂರು ದಿನ ಬರೆಯಲಿಲ್ಲ ಅಂದರೆ ಮೂರು ಖಾಲಿ ಹಾಳೆ ನಮ್ಮನ್ನೇ ನೋಡುತ್ತಿರುತ್ತವೆ. ಸ್ಕೂಲಿಗೆ ಚಕ್ಕರ್ ಹೊಡೆದ ಹಾಗೆ ಅನ್ನಿಸುತ್ತದೆ. ನಾಲ್ಕನೇ ದಿನ ತೆರೆಯುವುದಕ್ಕೇ ಮನಸ್ಸು ಬರುವುದಿಲ್ಲ. ಇನ್ನೊಂದು ತೊಂದರೆ, ಪ್ರತಿ ದಿನಕ್ಕೂ ಒಂದೊಂದೇ ಪುಟ. ಮಾವನಿಗೆ ಜ್ವರ ಏರಿದ ದಿನ ಮೂರು ಪುಟ ಬೇಕು, ಚಿತ್ರಾನ್ನ ಕಲಸಿ ಮಲಗಿದ ದಿನ ಒಂದು ಸಾಲು ಸಾಕು. ಎಲ್ಲರಿಗೂ ಒಂದೇ ಅಳತೆಯಲ್ಲಿ ಬ್ಲೌಸ್ ಹೊಲಿದು ಕೊಟ್ಟರೆ ನನ್ನನ್ನು ಯಾರು ಬಿಡುತ್ತಾರೆ?

ನನ್ನದು ಶುರುವಾದದ್ದು ಅಳತೆ ಪುಸ್ತಕದಲ್ಲಿ. 200 ಪುಟದ, ರಟ್ಟು ಹಾಕಿದ ಉದ್ದನೆಯ ಪುಸ್ತಕ. ಎದೆ ಸುತ್ತಳತೆ, ಸೊಂಟ, ಭುಜ, ತೋಳುದ್ದ, ಹಿಂದಿನ ಕತ್ತಿನ ಆಳ, ಇವೆಲ್ಲ ಗಿರಾಕಿಗಳ ಹೆಸರಿನ ಕೆಳಗೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮಿಷನ್ ಮೋಟಾರು ನಿಂತಿತು. ಕೈಯಲ್ಲಿ ಪೆನ್ನಿತ್ತು, ಎದುರಿಗೆ ಪುಸ್ತಕ ಇತ್ತು. ಪುಸ್ತಕವನ್ನು ತಿರುವಿ ಕೊನೆಯ ಪುಟದಲ್ಲಿ ಸುಮ್ನೆ ಬರೆದೆ: "ಕರೆಂಟಿಲ್ಲ. ಅತ್ತೆ ಹುಣಸೆಹಣ್ಣು ಬಿಡಿಸುತ್ತಿದ್ದಾರೆ. ಬೀಜ ತಟ್ಟೆಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ." ಅಷ್ಟೇ. ಮಾರನೇ ದಿನ ಯಾರದೋ ಅಳತೆ ಬರೆಯಲು ಪುಸ್ತಕ ತೆಗೆದಾಗ ಅದು ನೆನಪಾಯಿತು, ಇನ್ನೆರಡು ಸಾಲು ಬರೆದೆ. ಹೀಗೆ ಮುಂದಿನಿಂದ ಅಳತೆ, ಹಿಂದಿನಿಂದ ದಿನಚರಿ. ವರ್ಷ ಕಳೆಯುವ ಹೊತ್ತಿಗೆ ಎರಡೂ ಬಂದು ನಡುವೆ ಸೇರಿದವು. ಒಂದೇ ಹಾಳೆಯ ಈ ಕಡೆ ಯಾರದೋ ತೋಳಿನ ಅಳತೆ, ಆ ಕಡೆ ಮಗನ ಹಲ್ಲು ಬಿದ್ದ ಸುದ್ದಿ.

ನಿಮ್ಮ ಮನೆಯಲ್ಲೂ ದಿನಕ್ಕೊಮ್ಮೆ ಕೈಗೆ ಬರುವ ಪುಸ್ತಕ ಒಂದಿರುತ್ತದೆ. ಹಾಲಿನ ಲೆಕ್ಕದ್ದೋ ಚೀಟಿ ಲೆಕ್ಕದ್ದೋ. ಅದರ ಹಿಂದಿನ ಪುಟದಿಂದ ಶುರು ಮಾಡಿ. ಹೊಸ ಪುಸ್ತಕ ತಂದರೆ ಒಳ್ಳೆಯ ಮಾತೇ ಬರೆಯಬೇಕು ಅಂತ ಕೈ ಬಿಗಿಯುತ್ತದೆ. ಹಳೆಯದರಲ್ಲಿ ಆ ಭಯ ಇಲ್ಲ.

ಇನ್ನು ಟೈಮ್. ಬೆಳಿಗ್ಗೆ ಐದಕ್ಕೆ ಎದ್ದು ಬರೆಯಿರಿ ಅನ್ನುವವರ ಮಾತು ಕೇಳಬೇಡಿ. ನಾನೂ ಎದ್ದಿದ್ದೆ, ನಾಲ್ಕು ದಿನ. ಐದನೇ ದಿನ ಮಾವ "ಹೇಗೂ ಎದ್ದಿದ್ದೀಯಲ್ಲ, ಒಂದು ಲೋಟ ಕಾಫಿ ಕೊಡಮ್ಮ" ಅಂದರು. ಮುಂದಿನ ವಾರದಿಂದ ಯಜಮಾನರು ಇನ್ನೂ ಮುಂಚಿನ ರೈಲು ಹಿಡಿಯತೊಡಗಿದರು, ಡಬ್ಬಿ ಬೇಗ ರೆಡಿಯಾಗುತ್ತದಲ್ಲ! ರಾತ್ರಿಯೂ ಅಷ್ಟೇ. ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಮೊಬೈಲಿನಲ್ಲಿ ಮಾತಾಡಿದರೆ ಕನ್ನಡದಲ್ಲಿ ತಾನೇ ಟೈಪ್ ಆಗುತ್ತದೆ ಅಂತ ಮಗಳು ಹೇಳಿಕೊಟ್ಟಳು. ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಆದರೆ ಅತ್ತೆಯ ಬಗ್ಗೆ ಬರೆಯಬೇಕಾದ್ದನ್ನು ಅತ್ತೆಗೆ ಕೇಳಿಸುವ ಹಾಗೆ ಹೇಳುವುದು ಹೇಗೆ?

ಕೊನೆಗೆ ಕೈಹಿಡಿದದ್ದು ಕುಕ್ಕರ್. ಬೇಳೆಗೆ ನಮ್ಮ ಮನೆಯಲ್ಲಿ ನಾಲ್ಕು ಕೂಗು. ಅಷ್ಟು ಹೊತ್ತು ನನ್ನನ್ನು ಯಾರೂ ಕರೆಯುವುದಿಲ್ಲ. ಕುರ್ಚಿಯಲ್ಲಿ ಕೂತು ಬರೆದರೆ ಬಿಡುವಾಗಿದ್ದಾಳೆ ಅಂತ ಲೆಕ್ಕ, ಒಲೆ ಮುಂದೆ ನಿಂತಿದ್ದರೆ ಕೆಲಸದಲ್ಲಿದ್ದಾಳೆ ಅಂತ ಲೆಕ್ಕ. ಈ ಲೆಕ್ಕ ತಪ್ಪು, ಆದರೆ ನಮಗೆ ಅನುಕೂಲ. ಅಡುಗೆ ಕಟ್ಟೆಯ ಮೇಲೆ ಪುಸ್ತಕ ಇಟ್ಟು ನಿಂತುಕೊಂಡೇ ಬರೆಯುತ್ತೇನೆ. ನಾಲ್ಕನೇ ಕೂಗಿಗೆ ಮಾತು ಅರ್ಧ ಆಗಿದ್ದರೂ ನಿಲ್ಲಿಸುತ್ತೇನೆ. ಹಾಗೆ ನಿಲ್ಲಿಸಿದ್ದು ನಾಳೆಗೆ ಒಳ್ಳೆಯದೇ, ಎಲ್ಲಿಂದ ಶುರು ಮಾಡಲಿ ಅಂತ ಪೆನ್ನು ಕಚ್ಚುತ್ತಾ ನಿಲ್ಲಬೇಕಿಲ್ಲ. ವಾರಕ್ಕೆ ಎರಡು ದಿನ ದೋಸೆ ಹಿಟ್ಟಿಗೆ ಗ್ರೈಂಡರ್ ಹಾಕುತ್ತೇನೆ. ಅವತ್ತು ಅರ್ಧ ಗಂಟೆ ನನ್ನದು, ಆ ಸದ್ದಿನಲ್ಲಿ ಯಾರು ಕರೆದರೂ ಕೇಳುವುದಿಲ್ಲ. ಹಾಲು ಕಾಯಲು ಇಟ್ಟಾಗ ಮಾತ್ರ ಬರೆಯಬೇಡಿ. ಅನುಭವದಿಂದ ಹೇಳುತ್ತಿದ್ದೇನೆ.

21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ವಾ? ಅದನ್ನು ನಂಬಿ ನಾನು 22ನೇ ದಿನ ನನ್ನ ಮೇಲೇ ಸಿಟ್ಟಾಗಿದ್ದೆ. ಆಮೇಲೆ ಮಗಳು ಹುಡುಕಿ ಓದಿ ಹೇಳಿದಳು. ಆ 21 ದಿನದ ಮಾತು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್‌ನಿಂದ. ಆಪರೇಷನ್ ಆದವರು ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕು ಅಂತ 1960ರಲ್ಲಿ ಬರೆದಿದ್ದರು. ಹೊಸ ಮೂಗಿಗೂ ಡೈರಿಗೂ ಎಲ್ಲಿಯ ಸಂಬಂಧ! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದರು, 2010ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಮಾಡಿಸಿದ್ದು ನನ್ನ ಕುಕ್ಕರ್ ಕೆಲಸವನ್ನೇ: ದಿನಾ ನಡೆಯುವ ಒಂದು ಸಂಗತಿಗೆ ಹೊಸದೊಂದನ್ನು ಗಂಟು ಹಾಕುವುದು, ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು ತಿನ್ನುವ ಥರ. ಅದು ತಾನೇ ತಾನಾಗಿ ನಡೆಯುವಂತಾಗಲು ಒಬ್ಬರಿಗೆ 18 ದಿನ ಸಾಕಾದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ, ಆ 12 ವಾರದ್ದನ್ನು ನೋಡಿ ಮುಂದಿನದಕ್ಕೆ ಅಂದಾಜು ಹಾಕಿದಾಗ ಲೆಕ್ಕ ಸಿಕ್ಕಿತು. ನಡುವಿನದು 66. ನನಗೆ ಸಮಾಧಾನ ಆದದ್ದು ಬೇರೆ ಮಾತಿಗೆ: ನಡುವೆ ಒಂದು ದಿನ ತಪ್ಪಿಸಿದ್ದರಿಂದ ಅಭ್ಯಾಸ ಕೆಡಲಿಲ್ಲವಂತೆ.

ಬರೆಯೋಕೆ ಏನಿರುತ್ತದೆ ಅಂದಿರಿ. ದಿನಾ ಅದೇ ಸಾರು, ಅದೇ ಹೋಂವರ್ಕ್, ನಿಜ. ನನ್ನ ಹಳೆಯ ಏಳು ಡೈರಿಗಳಲ್ಲಿ "ಇವತ್ತು ಮನಸ್ಸು ತುಂಬಾ ಭಾರವಾಗಿದೆ", "ಬದುಕು ಎತ್ತ ಸಾಗುತ್ತಿದೆ" ಅಂತೆಲ್ಲ ಇದೆ. ಈಗ ಓದಿದರೆ ಯಾಕೆ ಭಾರವಾಗಿತ್ತು ಅಂತ ನನಗೇ ಗೊತ್ತಾಗುವುದಿಲ್ಲ. ಅದೇ ಅಳತೆ ಪುಸ್ತಕದಲ್ಲಿ ಹೀಗಿದೆ: "ಮಗಳು ಸ್ಕೂಲಿಂದ ಒಂದೇ ಶೂನಲ್ಲಿ ಬಂದಳು. ಇನ್ನೊಂದು ಎಲ್ಲಿ ಅಂದರೆ ‘ಬಸ್ಸಿಗೆ ಗೊತ್ತು’ ಅಂದಳು." ಅವತ್ತಿನ ನನ್ನ ಸಿಟ್ಟು, ಅವಳ ಕೆಂಪು ಕಾಲುಚೀಲದ ತೂತು, ಎಲ್ಲ ಆ ಎರಡು ಸಾಲಿನ ಹಿಂದೆಯೇ ಎದ್ದು ಬರುತ್ತವೆ. ಹಾಗಾಗಿ ಅನ್ನಿಸಿದ್ದನ್ನು ಆಮೇಲೆ ನೋಡಿಕೊಳ್ಳಿ, ಮೊದಲು ಆದದ್ದು ಬರೆಯಿರಿ. ಯಾರು ಏನಂದರು, ಅವರು ಅಂದ ಹಾಗೆಯೇ.

ಪುದುಚೇರಿಯಲ್ಲಿ ಫ್ರೆಂಚರಿಗೆ ದುಭಾಷಿಯಾಗಿದ್ದ ಆನಂದ ರಂಗ ಪಿಳ್ಳೈ ಎಂಬ ವ್ಯಾಪಾರಿ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದರು. ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು, ಹಡಗು ಬಂದದ್ದು ಹೋದದ್ದು, ಇವನ್ನು ಬರೆಯುತ್ತೇನೆ ಅಂತ ಶುರುವಿನಲ್ಲೇ ಹೇಳಿಕೊಂಡಿದ್ದಾರೆ. ಆ ಕಾಲದ ಚರಿತ್ರೆ ತಿಳಿಯಬೇಕಾದವರು ಈಗ ಅದನ್ನೇ ತಿರುವಿ ಹಾಕುತ್ತಾರೆ. ನಮ್ಮ ಮನೆಗೆ ಹಡಗು ಬರುವುದಿಲ್ಲ, ಗ್ಯಾಸ್ ಬರುತ್ತದೆ. ನಾನು ಅದನ್ನು ಬರೆಯುತ್ತೇನೆ.

ಗ್ಯಾಸ್ ವಿಷಯದಲ್ಲಿ ನಮ್ಮ ಅತ್ತೆ ನನಗಿಂತ ಹಿರಿಯ ಲೇಖಕಿ. "ನನಗೆಲ್ಲಿ ಬರೆಯೋಕೆ ಬರತ್ತೆ" ಅನ್ನುತ್ತಾರೆ. ಆದರೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಾರೀಖಿನ ಚೌಕದೊಳಗೆ ಅವರ ಅಕ್ಷರ ಇದೆ. "ಗ್ಯಾಸ್ ಬಂತು." "ಹಾಲಿಲ್ಲ." "ತಮ್ಮನ ಫೋನ್." "ಮಳೆ." ಮಾತ್ರೆ ಶುರು ಮಾಡಿದ ದಿನಕ್ಕೆ ಒಂದು ಸುತ್ತು. ಎಷ್ಟು ವರ್ಷದಿಂದ ಬರೆಯುತ್ತಿದ್ದಾರೋ! ಹಳೆಯ ಕ್ಯಾಲೆಂಡರುಗಳನ್ನೆಲ್ಲ ಮಕ್ಕಳ ಪುಸ್ತಕಕ್ಕೆ ಬೈಂಡ್ ಹಾಕಿಬಿಟ್ಟಿದ್ದೆವು. ಅವರ ಎಷ್ಟೋ ವರ್ಷ ಗಣಿತ, ವಿಜ್ಞಾನದ ಪುಸ್ತಕಗಳ ಜೊತೆ ರದ್ದಿಗೆ ಹೋದವು. ಅದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಮನೆಯಲ್ಲೂ ಅಂಥ ಕ್ಯಾಲೆಂಡರ್ ಇದ್ದರೆ ದಯವಿಟ್ಟು ಎತ್ತಿಡಿ.

ಮನೆಯವರು ಓದಿದರೆ ಅಂದಿರಲ್ಲ, ನನ್ನದನ್ನು ಮನೆಯವರಲ್ಲ, ಗಿರಾಕಿ ಓದಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಹತ್ತು ದಿನ ಮುಂಚೆ. ಆ ಹೊತ್ತಿನಲ್ಲಿ ನಮ್ಮ ಹಾಲ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲಿ ನೋಡಿದರೂ ಸೀರೆ ಕವರು. ನಾನು ಒಳಗೆ ಲೈನಿಂಗ್ ಬಟ್ಟೆ ತರಲು ಹೋಗಿದ್ದೆ. ಅವರು ತಮ್ಮ ಹಳೆಯ ಅಳತೆ ನೋಡೋಣ ಅಂತ ಪುಸ್ತಕ ತೆಗೆದಿದ್ದಾರೆ, ಹಿಂದುಮುಂದಾಗಿ. ಸಿಕ್ಕಿದ್ದು ಅವರದೇ ಪುಟ: "ಮೂರನೇ ಸಲ ತೋಳು ಬಿಚ್ಚಿಸಿದರು. ಕೊಡುವ ನಾನೂರು ರೂಪಾಯಿಗೆ ನನ್ನ ಪ್ರಾಣ ಬೇಕು ಇವರಿಗೆ." ನಾನು ಬಂದಾಗ ಏನೂ ಮಾತಾಡಲಿಲ್ಲ. ದುಡ್ಡು ಎಣಿಸಿ ಮೇಜಿನ ಮೇಲಿಟ್ಟು ಹೋದರು. ನಾಚಿಕೆಯಿಂದ ಸತ್ತೆ. ಪುಸ್ತಕ ಮಂಚದ ಕೆಳಗಿನ ಟ್ರಂಕಿಗೆ ಹೋಯಿತು, ನಾಲ್ಕು ತಿಂಗಳು ಅಲ್ಲೇ ಇತ್ತು.

ಮತ್ತೆ ಶುರು ಮಾಡಿದಾಗ ಪುಸ್ತಕ ಬೇರೆ ಮಾಡಿಕೊಂಡೆ. ಬೀಗ ಹಾಕಲಿಲ್ಲ. ನಮ್ಮಂಥ ಮನೆಗಳಲ್ಲಿ ಬೀಗ ಕಂಡರೆ ಓದದವರಿಗೂ ಓದುವ ಆಸೆ ಹುಟ್ಟುತ್ತದೆ. ಅದರ ಬದಲು ಸಿಟ್ಟಿಗೆ ಬೇರೆ ಕಾಗದ ಇಟ್ಟೆ. ಹಳೆಯ ಬಿಲ್ಲು, ಲಗ್ನಪತ್ರಿಕೆಯ ಹಿಂಬದಿ, ಯಾವುದಾದರೂ ಸರಿ. ಬೈಯಬೇಕಾದವರನ್ನೆಲ್ಲ ಅದರಲ್ಲಿ ಮನಸಾರೆ ಬೈದು, ಬೆಳಿಗ್ಗೆ ನೀರೊಲೆಗೆ ಹಾಕುತ್ತೇನೆ. ನಮ್ಮಲ್ಲಿ ಇನ್ನೂ ತೆಂಗಿನ ಗರಿ, ಕರಟ ಹಾಕಿಯೇ ಸ್ನಾನಕ್ಕೆ ನೀರು ಕಾಯಿಸುವುದು. ನೀರೊಲೆ ಇಲ್ಲದವರು ಹರಿದು ನೀರಿನಲ್ಲಿ ನೆನೆಸಿ ಹಿಂಡಿ ಎಸೆಯಿರಿ. ಸುಮ್ಮನೆ ಹರಿದು ಹಾಕಿದರೆ ಜೋಡಿಸುವವರು ಇರುತ್ತಾರೆ! ಪುಸ್ತಕದಲ್ಲಿ ಉಳಿಯುವುದು ಯಾರು ತೆರೆದರೂ ನಾನು ತಲೆ ತಗ್ಗಿಸಬೇಕಿಲ್ಲದ್ದು. ಇದರಿಂದ ಬರವಣಿಗೆಯ ಸತ್ಯ ಕಡಿಮೆಯಾಗುತ್ತದೆ ಅಂತ ಕೆಲವರು ಹೇಳಬಹುದು. ಆಗುತ್ತದೆ, ಸ್ವಲ್ಪ. ಒಂದೇ ಸೂರಿನ ಕೆಳಗೆ ಆರು ಜನ ಇರುವಾಗ ಅಷ್ಟು ಬಿಟ್ಟುಕೊಡಬಹುದು ಅಂತ ನನ್ನ ಲೆಕ್ಕ.

ಅಂದ ಹಾಗೆ ಆ ಗಿರಾಕಿ ಎರಡು ವರ್ಷ ಬಿಟ್ಟು ಮತ್ತೆ ಬಂದರು. "ತೋಳು ಈ ಸಲ ಮೊದಲೇ ಸರಿಯಾಗಿ ನೋಡ್ಕೋಮ್ಮ, ಆಮೇಲೆ ಬರ್ಕೋಬೇಡ" ಅಂದರು. ನಾನು ಐನೂರು ಹೇಳಿದೆ, ಕೊಟ್ಟರು.

ಎಲ್ಲ ತಿಂಗಳೂ ಒಂದೇ ಥರ ನಡೆಯುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಹೊಲಿಗೆ ಕಡಿಮೆ, ಪುಟಗಟ್ಟಲೆ ಬರೆಯುತ್ತೇನೆ. ಶ್ರಾವಣ ಬಂತೆಂದರೆ ಒಂದೊಂದೇ ಸಾಲು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆಗೆ ನೆಂಟರು ಬಂದರೆ ಮೂರು ನಾಲ್ಕು ದಿನ ಏನೂ ಇರುವುದಿಲ್ಲ. ಅವರು ಹೋದ ಮೇಲೆ ಬಿಟ್ಟುಹೋದ ದಿನಗಳನ್ನು ತುಂಬಲು ಕೂರುವುದಿಲ್ಲ, ಅದು ಹಳೆಯ ಸಾಲ ತೀರಿಸಿದ ಹಾಗೆ. "ನೆಂಟರು ಬಂದಿದ್ದರು, ಹೋದರು" ಅಂತ ಬರೆದು ಅವತ್ತಿನದಕ್ಕೆ ಬರುತ್ತೇನೆ.

ಈಗ ಪುಸ್ತಕ ಅಡುಗೆಮನೆ ಶೆಲ್ಫಿನಲ್ಲಿ ಸಾಸಿವೆ ಡಬ್ಬಿಯ ಪಕ್ಕ ಇರುತ್ತದೆ. ಎಲ್ಲರೂ ತೆಗೆದು ನೋಡುತ್ತಾರೆ. ಮಾವನಿಗೆ ಮೊದಲು ಜ್ವರ ಯಾವತ್ತು ಬಂತು ಅಂತ ಡಾಕ್ಟರು ಕೇಳಿದಾಗ ಯಜಮಾನರು ಫೋನ್ ಮಾಡಿ ಪುಟ ನೋಡಿಸಿದರು. ಮೊನ್ನೆ ಖಾರದಪುಡಿ ಮಾಡಿಸಲು ಮಿಲ್ಲಿಗೆ ಹೊರಟಾಗ ಅತ್ತೆ ಕೂಗಿದರು, "ಹೋದ ವರ್ಷ ಬ್ಯಾಡಗಿ ಎಷ್ಟು ಹಾಕಿದ್ದು, ಗುಂಟೂರು ಎಷ್ಟು, ನಿನ್ನ ಪುರಾಣದಲ್ಲಿ ನೋಡು." ಸಿಕ್ಕಿತು. ಅದರ ಕೆಳಗೇ "ಈ ಸಲ ಖಾರ ಜಾಸ್ತಿ, ಅತ್ತೆಯ ಹಟ" ಅಂತಲೂ ಇತ್ತು. ಅದನ್ನು ಓದಿ ಹೇಳಲಿಲ್ಲ.

ಪೆನ್ನಿನ ವಿಷಯ ಮರೆತೆ. ಬಾಲ್ ಪೆನ್ನೇ ಇರಲಿ. ಒದ್ದೆ ಕೈ ತಗುಲಿ, ಒಗ್ಗರಣೆ ಸಿಡಿದು ಇಂಕು ಪೆನ್ನಿನ ಅಕ್ಷರ ಹರಡಿಹೋಗುತ್ತದೆ. ಅದನ್ನು ಪುಸ್ತಕಕ್ಕೆ ದಾರದಿಂದ ಕಟ್ಟಿಬಿಡಿ. ನಾನು ಕುಚ್ಚಿಗೆ ತಂದ ರೇಷ್ಮೆ ದಾರದಲ್ಲಿ ಕಟ್ಟಿದ್ದೇನೆ. ಇಲ್ಲದಿದ್ದರೆ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಮಕ್ಕಳು ಅದನ್ನು ಹೋಂವರ್ಕಿಗೆ ಎತ್ತಿಕೊಂಡು ಹೋಗಿರುತ್ತಾರೆ.