ಪುಸ್ತಕದ ಉತ್ತರ ಬೇರೆ, ನನ್ನ ಉತ್ತರ ಬೇರೆ

ರಾಯಚೂರಿನಲ್ಲಿ ಕೃಷಿ ಎಂಎಸ್ಸಿ ಓದುವ ಮಕ್ಕಳು ಥೀಸಿಸ್ ವರ್ಷದಲ್ಲಿ ನನ್ನ ಆಪ್ತಸಲಹೆಯ ಕೋಣೆಗೆ ತರುವ ದೂರು ಹೆಚ್ಚುಕಡಿಮೆ ಒಂದೇ: "ಆರ್ ತಲಿಗೆ ಹತ್ತವಲ್ದು." ಆರ್ ಅಂದರೆ ಕೋಡ್ ಹೊಡೆದು ಅಂಕಿಅಂಶದ ಲೆಕ್ಕ ಮಾಡುವ ಸಾಫ್ಟ್‌ವೇರ್. ಈ ಪ್ರಕರಣದ ದೂರೂ ಅದೇ. ಗುರುತು ಸಿಗದಂತೆ ಊರು, ಬೆಳೆ ಬದಲಿಸಿದ್ದೇನೆ. ಅಂಕಿಗಳನ್ನು ಮುಟ್ಟಿಲ್ಲ.

ಅವಳನ್ನು 'ಕ' ಎನ್ನೋಣ. 23 ವರ್ಷ, ಸಿಂಧನೂರು ಕಡೆಯ ಭತ್ತದ ಮನೆತನ. ಅನಾಲಿಸಿಸ್ ನೀನೇ ಮಾಡು ಎಂದು ಗೈಡ್ ಹೇಳಿದ ಮೇಲೆ ಲೈಬ್ರರಿಯಿಂದ ಮೂರು ದಪ್ಪ ಪುಸ್ತಕ ತಂದಿದ್ದಳು. ಬರೆದವರೆಲ್ಲ ದಶಕಗಟ್ಟಲೆ ಪಾಠ ಮಾಡಿದವರು. ಐದು ತಿಂಗಳಾಗಿತ್ತು. ರಾತ್ರಿ ಮೂರು ತಾಸು ನಿದ್ದೆ, ಊಟ ಅರ್ಧ. ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ದಿನವೇ ನೇರವಾಗಿ ಕೇಳಿದೆ. ಇಲ್ಲ ಅಂದಳು. ಕೋರ್ಸ್ ಬಿಡುವುದು ಮಾತ್ರ ಖಾತ್ರಿಯಾಗಿತ್ತು.

ಎರಡನೇ ಭೇಟಿಗೆ ಇನ್ನೂರು ಪುಟದ ನೋಟ್‌ಬುಕ್ ತಂದಳು. ಕೋಡ್ ನೀಲಿ ಪೆನ್ನಿನಲ್ಲಿ, ಉತ್ತರ ಹಸಿರಿನಲ್ಲಿ, ಮುತ್ತು ಪೋಣಿಸಿದ ಹಾಗೆ. ಒಂದು ಪುಟದಲ್ಲಿ ಮಾತ್ರ ಕೆಂಪು ಸುತ್ತು. ಸಾಲುಗಳು ಎರಡೇ: ಸೆಟ್.ಸೀಡ್(123), ಅದರ ಕೆಳಗೆ ಸ್ಯಾಂಪಲ್(1:10). ಎರಡನೆಯದು ಒಂದರಿಂದ ಹತ್ತನ್ನು ಕಲಸಿ ಕೊಡುತ್ತದೆ, ಮೊದಲನೆಯದು ಹೊಡೆದಿದ್ದರೆ ಪ್ರತಿ ಸಲವೂ ಅದೇ ಕ್ರಮ ಬರಬೇಕು. ಪುಸ್ತಕದ ಉತ್ತರ 3, 8, 4, 7, 6, 1, 10, 9, 2, 5. ಅವಳ ಲ್ಯಾಪ್‌ಟಾಪಿನದು 3, 10, 2, 8, 6, 9, 1, 7, 5, 4.

"ಮೊದಲನೇದು ಸರಿ ಬರ್ತದ್ರಿ ಮೇಡಂ, ಆಮ್ಯಾಲೆ ತಪ್ಪತದ. ಇಪ್ಪತ್ತು ಸಲ ಹೊಡದೀನಿ."

"ತಪ್ಪು ನಿಂದೇ ಅಂತ ಹೆಂಗ ಗೊತ್ತಾತು?"

"ಅಷ್ಟು ದೊಡ್ಡ ಪ್ರೊಫೆಸರು ತಪ್ಪು ಬರೀತಾರೇನ್ರಿ?"

ಇಡೀ ಐದು ತಿಂಗಳ ಗಂಟು ಇದ್ದದ್ದು ಈ ಮಾತಿನಲ್ಲಿ. ಪುಸ್ತಕದ ಮೊದಲ ಹಾಳೆ ತಿರುವಿಸಿ ಅಚ್ಚಾದ ವರ್ಷ ಓದಿಸಿದೆ: 2014. ಆರ್‌ನ 3.6.0 ಆವೃತ್ತಿ ಬಂದದ್ದು 2019ರಲ್ಲಿ. ಅದರಲ್ಲಿ ಸ್ಯಾಂಪಲ್ ಅಂಕಿ ಆರಿಸುವ ವಿಧಾನವನ್ನೇ ಬದಲಿಸಿದರು. ಹಳೆಯ ವಿಧಾನದಲ್ಲಿ ಪಟ್ಟಿ ಬಹಳ ದೊಡ್ಡದಾದರೆ ಕೆಲವು ಅಂಕಿಗಳಿಗೆ ಸ್ವಲ್ಪ ಹೆಚ್ಚು ಅವಕಾಶ ಸಿಗುತ್ತಿತ್ತು, ಅದಕ್ಕೇ. ಹಳೇ ಪಂಚಾಂಗ ಹಿಡಿದು ಈ ವರ್ಷದ ಏಕಾದಶಿ ಹುಡುಕಿದ ಹಾಗೆ ಅಂದೆ. ಅವಳು ನಂಬಲಿಲ್ಲ. ಅಲ್ಲೇ ಲ್ಯಾಪ್‌ಟಾಪ್ ತೆರೆಸಿ, ಹಳೆಯ ವಿಧಾನಕ್ಕೆ ಮರಳಲು ಆರ್‌ಎನ್‌ಜಿಕೈಂಡ್ ಎಂಬ ಆದೇಶದ ಒಳಗೆ ಸ್ಯಾಂಪಲ್.ಕೈಂಡ್ = "ರೌಂಡಿಂಗ್" ಎಂದು ಹೊಡೆಸಿದೆ. ಒಂದು ಎಚ್ಚರಿಕೆ ಸಾಲು ಬಂತು, ಅದು ಬರಲೇಬೇಕು. ಮತ್ತೆ ಸೆಟ್.ಸೀಡ್, ಮತ್ತೆ ಸ್ಯಾಂಪಲ್. 3, 8, 4, 7.

ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾದಳು. "ಹಂಗಾದ್ರ ಇಷ್ಟು ದಿನ ನಾ ಅತ್ತಿದ್ದು?" ನನ್ನಲ್ಲಿ ಉತ್ತರ ಇರಲಿಲ್ಲ. ಸಿಟ್ಟು ತಣ್ಣಗಾಗಲು ಬಿಟ್ಟೆ. ಹೋಗುವ ಮುಂಚೆ ಸ್ಯಾಂಪಲ್.ಕೈಂಡ್ ಅನ್ನು ಹೊಸ ವಿಧಾನಕ್ಕೆ, ಅಂದರೆ "ರಿಜೆಕ್ಷನ್"ಗೆ ಮರಳಿಸಿದೆವು. ಹಳೆಯದು ತಾಳೆ ನೋಡಲಿಕ್ಕಷ್ಟೇ, ಕೆಲಸಕ್ಕಲ್ಲ.

ಆಪ್ತಸಲಹೆಯ ಕೋಣೆಯಲ್ಲಿ ಕೋಡ್ ಹೊಡೆಸುವುದು ಟ್ಯೂಷನ್ ಆಯಿತಲ್ಲ ಎನ್ನುವವರಿದ್ದಾರೆ. ಇರಲಿ. ಆಕೆಯ ಕೀಳರಿಮೆಗೆ ಕಾರಣ ಅಚ್ಚಿನ ವರ್ಷವಾಗಿರುವಾಗ ಬರೀ "ನಿನ್ನ ಮೇಲೆ ನಂಬಿಕೆ ಇಡು" ಎಂದು ಕಳಿಸಿದ್ದರೆ ಅದು ಮೋಸ. ಹಿರಿಯರ ಪುಸ್ತಕ ಬಿಟ್ಟು ವಿಡಿಯೊ ನೋಡು ಅಂತಲೂ ಹೇಳಲಿಲ್ಲ. ಅನುಭವಿಗಳ ಪುಸ್ತಕದಲ್ಲಿ ಅಂಕಿಅಂಶದ ಒಂದು ಪರೀಕ್ಷೆ ಯಾಕೆ, ಯಾವಾಗ ಕೂಡದು ಅನ್ನುವುದು ಇರುತ್ತದೆ. ಅದು ಹಳತಾಗುವುದಿಲ್ಲ. ಹಳತಾಗುವುದು ಕೋಡು.

ಕೊಟ್ಟ ಸಲಹೆ ಹೀಗಿತ್ತು. ಮೂರರಲ್ಲಿ ಒಂದೇ ಪುಸ್ತಕ ಇಟ್ಟುಕೊ. ಯಾವ ಆವೃತ್ತಿಗೆ ಬರೆದದ್ದು ಎಂದು ಮುನ್ನುಡಿಯಲ್ಲಿ ನೋಡು. 2020ಕ್ಕೆ ಮುಂಚಿನದಾದರೆ ಇನ್ನೊಂದು ಕಡೆ ಎಡವುತ್ತೀ: ಆಗ ಫೈಲಿನ ದತ್ತಾಂಶ ಓದಿಸುವ ರೀಡ್.ಸಿಎಸ್‌ವಿ ಅಕ್ಷರಗಳ ಕಾಲಂ ಅನ್ನು ತಾನೇ ಫ್ಯಾಕ್ಟರ್ (ಅಂದರೆ ಗುಂಪುಗಳ ಹೆಸರು) ಮಾಡುತ್ತಿತ್ತು, 4.0.0ರಿಂದ ಮಾಡುವುದಿಲ್ಲ. ಲೆವೆಲ್ಸ್, ಅಂದರೆ ಆ ಗುಂಪುಗಳ ಪಟ್ಟಿ, ಕೇಳಿದರೆ 'ನಲ್' (ಏನೂ ಇಲ್ಲ) ಬರುತ್ತದೆ. ಸ್ಟ್ರಿಂಗ್ಸ್ಆಸ್ಫ್ಯಾಕ್ಟರ್ಸ್ = ಟ್ರೂ ಎಂದು ಸೇರಿಸಿದರೆ ಮುಗಿಯಿತು. ನೋಟ್‌ಬುಕ್ಕಿಗೆ ಕೋಡ್ ನಕಲು ಮಾಡುವುದು ಇವತ್ತಿಗೇ ನಿಲ್ಲಲಿ. ಅಲ್ಲಿ ಬರೆಯಬೇಕಾದದ್ದು ಎಂಟರ್ ಒತ್ತುವ ಮುಂಚಿನ ನಿನ್ನ ಊಹೆ.

ಊಹೆಗೆ ಅವಳ ಪ್ರಯೋಗವನ್ನೇ ತೆಗೆದುಕೊಂಡೆವು. ಹೆಕ್ಟೇರಿಗೆ 0ಯಿಂದ 180 ಕೆಜಿವರೆಗೆ ಸಾರಜನಕದ ಏಳು ಪ್ರಮಾಣ, ಮೂರು ರೆಪ್ಲಿಕೇಶನ್ (ಪುನರಾವರ್ತನೆ), ಒಟ್ಟು 21 ಪ್ಲಾಟು, ಆರ್‌ಬಿಡಿ (ಪ್ರತಿ ರೆಪ್ಲಿಕೇಶನ್ನಿನಲ್ಲೂ ಏಳೂ ಪ್ರಮಾಣ, ಚೀಟಿ ಎತ್ತಿದ ಕ್ರಮದಲ್ಲಿ). ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಎಣಿಕೆ, ಒಟ್ಟು 20 (ಪ್ಲಾಟುಗಳಿಗಿಂತ ಒಂದು ಕಡಿಮೆ): ಟ್ರೀಟ್‌ಮೆಂಟಿಗೆ 6, ರೆಪ್ಲಿಕೇಶನ್ನಿಗೆ 2, ಉಳಿದ ಏರಿಳಿತಕ್ಕೆ, ಅಂದರೆ ಎರರ್‌ಗೆ, 12. ಇದನ್ನು ಕಾಗದದ ಮೇಲೆ ಬರೆದ ಮೇಲೆಯೇ ಎಒವಿ (ವ್ಯತ್ಯಾಸ ಅಳೆಯುವ ಟೇಬಲ್ ಕೊಡುವ ಆದೇಶ) ಓಡಿಸಬೇಕು. 1, 1, 18 ಬಂದರೆ ಪ್ರಮಾಣವನ್ನೂ ರೆಪ್ಲಿಕೇಶನ್ನನ್ನೂ ಆರ್ ಬರೀ ಸಂಖ್ಯೆ ಎಂದುಕೊಂಡು ಗೆರೆ ಎಳೆದಿದೆ ಎಂದರ್ಥ. ಎರಡನ್ನೂ ಫ್ಯಾಕ್ಟರ್ ಒಳಗೆ ಹಾಕಬೇಕು. ಕಂಪ್ಯೂಟರ್ ಇಲ್ಲಿ ತಪ್ಪಾಗಿದೆ ಎಂದು ಹೇಳುವುದೇ ಇಲ್ಲ, ತಪ್ಪು ಟೇಬಲ್ಲನ್ನು ಠೀವಿಯಿಂದ ಕೊಡುತ್ತದೆ. ಅದಕ್ಕೇ ಕಾಗದ.

ಎಕ್ಸೆಲ್ ಬಗ್ಗೆಯೂ ಒಂದು ಮಾತು, ಏಕೆಂದರೆ ಬಹಳ ಪುಸ್ತಕಗಳಲ್ಲಿ ದತ್ತಾಂಶ ತೊಳೆದಿಟ್ಟಂತೆ ಇರುತ್ತದೆ, ಹೊಲದಿಂದ ಬಂದದ್ದು ಹಾಗಿರುವುದಿಲ್ಲ. ಹಂದಿ ಹಾಳು ಮಾಡಿದ ಪ್ಲಾಟಿಗೆ ಅವಳು ಗೀಟು ಹಾಕಿದ್ದಳು. ಆ ಒಂದು ಗೀಟಿಗೆ ಇಳುವರಿಯ ಇಡೀ ಕಾಲಂ ಅಕ್ಷರವಾಗಿ ಕೂತಿತ್ತು. ಖಾಲಿ ಬಿಡಬೇಕು. ಸೊನ್ನೆಯಂತೂ ಬೇಡವೇ ಬೇಡ, ಅದು ಇಳುವರಿ ಸೊನ್ನೆ ಎಂದಾಗುತ್ತದೆ. ಓದಿಸಿದ ಕೂಡಲೇ ಎಸ್‌ಟಿಆರ್ ಹೊಡೆದು ಕಾಲಂಗಳ ಜಾತಿ (ಸಂಖ್ಯೆಯೋ ಅಕ್ಷರವೋ) ನೋಡಬೇಕು. ಒಂದು ಪ್ಲಾಟ್ ಹೋದದ್ದರಿಂದ ಒಟ್ಟು 19, ಎರರ್ 11 ಆಗುತ್ತದೆ ಎಂದೂ ತಿದ್ದಿಕೊಂಡೆವು.

ಮೂರನೇ ಭೇಟಿಗೆ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಇದ್ದವು. ಎಡಕ್ಕೆ ಊಹೆ: 6, 2, 11. ಬಲಕ್ಕೆ ಬಂದದ್ದು: 6, 1, 12. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳೇ ಬೆರಳಿಟ್ಟಳು. "ರೆಪ್ಲಿಕೇಶನ್ನಿಗೆ ಫ್ಯಾಕ್ಟರ್ ಹಾಕೋದು ಮರ್ತಿದ್ದೆ ನೋಡ್ರಿ ಮೇಡಂ. ಆಮ್ಯಾಲೆ ಹಾಕೀನಿ, ಮುಂದಿನ ಪುಟದಾಗ ಐತಿ."