ನೆಲ ಒರೆಸುವ ರೋಬೋ: ಮೊದಲು ಹೊಸ್ತಿಲು ಅಳೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೆಲ ಒರೆಸುವ ರೋಬೋ ಯಂತ್ರದ ಬಗ್ಗೆಯೇ ಇದ್ದವು. ಐದನ್ನು ಆಯ್ದು ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ಮುರಕಲ್ಲಿನ ಹಳೆಯ ಮನೆ. ಚಾವಡಿಗೂ ಎರಡು ಕೋಣೆಗೂ ಕಾವಿ ನೆಲ, ಆಮೇಲೆ ಕಟ್ಟಿದ ಭಾಗಕ್ಕೆ ಟೈಲ್ಸ್. ಅಮ್ಮನಿಗೆ ಗಂಟುನೋವು, ಬಗ್ಗಿ ಒರೆಸಲು ಆಗುವುದಿಲ್ಲ. ರೋಬೋ ತಂದರೆ ಈ ಕೆಲಸ ತಪ್ಪೀತೇ?
– ಓದುಗರು, ಬದಿಯಡ್ಕ

ಉತ್ತರ: ಟೈಲ್ಸ್ ಹಾಕಿದ ಭಾಗದಲ್ಲಿ ದಿನದಿನದ ಒರೆಸುವಿಕೆ ಖಂಡಿತ ತಪ್ಪುತ್ತದೆ. ತಿಕ್ಕಿ ತೊಳೆಯುವುದು ತಪ್ಪುವುದಿಲ್ಲ. ಯಂತ್ರ ತೆಗೆಯುವುದು ತೆಳು ಧೂಳು, ಕಾಲಿನ ಗುರುತು, ಆಗಷ್ಟೇ ಚೆಲ್ಲಿದ ಚಹಾದ ಹನಿ, ಇಷ್ಟನ್ನು. ಒಣಗಿ ಹಿಡಿದ ಸಾಂಬಾರು, ಎಲೆಯಡಿಕೆಯ ಕರೆ, ಅಡುಗೆಮನೆಯ ಎಣ್ಣೆಜಿಡ್ಡು ಅದಕ್ಕೆ ಬಗ್ಗುವುದಿಲ್ಲ. ಯಂತ್ರದ ತೂಕ ಮೂರೂವರೆ ನಾಲ್ಕು ಕಿಲೋ, ಅದರಲ್ಲೂ ಬಹುಪಾಲು ಚಕ್ರಗಳ ಮೇಲೆ ಬೀಳುತ್ತದೆ. ಬಟ್ಟೆಯ ಮೇಲೆ ಉಳಿಯುವ ಒತ್ತಡ ಕೈಯ ಒತ್ತಡದ ಹತ್ತಿರಕ್ಕೂ ಬರುವುದಿಲ್ಲ.

ಒರೆಸುವ ವಿಧಾನದಲ್ಲಿಯೂ ವ್ಯತ್ಯಾಸವಿದೆ. ಅಗ್ಗದವು ಒದ್ದೆ ಬಟ್ಟೆಯನ್ನು ಹಿಂದಿನಿಂದ ಎಳೆದುಕೊಂಡು ಹೋಗುತ್ತವೆ, ಅಷ್ಟೇ. ಅದರಿಂದ ಮೇಲಿನವು ಬಟ್ಟೆಯನ್ನು ನಡುಗಿಸಿ ಉಜ್ಜುತ್ತವೆ, ಅಥವಾ ಎರಡು ದುಂಡು ಬಟ್ಟೆಗಳನ್ನು ತಿರುಗಿಸುತ್ತವೆ. ಎಳೆದುಕೊಂಡು ಹೋಗುವ ಬಗೆಯದಕ್ಕೆ ದುಡ್ಡು ಹಾಕಬೇಡಿ. ಹತ್ತು ನಿಮಿಷದಲ್ಲಿ ಬಟ್ಟೆ ಕೊಳೆಯಾಗುತ್ತದೆ, ಮುಂದಿನ ಕೋಣೆಗೆಲ್ಲ ಅದೇ ಕೊಳೆಯನ್ನು ಸವರಿಕೊಂಡು ಹೋಗುತ್ತದೆ.

ಇನ್ನು ಅಳತೆ. ಯಂತ್ರದ ಅಗಲ ಸುಮಾರು 35 ಸೆಂ.ಮೀ., ಎತ್ತರ 10 ಸೆಂ.ಮೀ. ಆಸುಪಾಸು. ಸಾಮಾನ್ಯವಾಗಿ ಅದು ಹತ್ತಬಲ್ಲದ್ದು 2 ಸೆಂ.ಮೀ. ಹೊಸ್ತಿಲನ್ನು ಮಾತ್ರ. ಹಳೆಯ ಮನೆಗಳ ಮರದ ಹೊಸ್ತಿಲು ಇದರ ಮೂರು ನಾಲ್ಕು ಪಟ್ಟು ಎತ್ತರ ಇರುತ್ತದೆ. ಹಾಗಾಗಿ ಒಂದೊಂದು ಕೋಣೆಗೂ ಯಾರಾದರೂ ಎತ್ತಿ ಇಡಬೇಕು, ಗಂಟುನೋವಿನವರಿಗೆ ಅದೂ ಬಗ್ಗುವ ಕೆಲಸವೇ. ಟೇಪು ಹಿಡಿದು ಎಲ್ಲ ಹೊಸ್ತಿಲು, ಮಂಚದಡಿ, ಸೋಫಾದಡಿ ಅಳೆಯಿರಿ. ಎತ್ತದೆ ಸಿಗುವ ಜಾಗ ಮನೆಯ ಅರ್ಧಕ್ಕಿಂತ ಕಡಿಮೆ ಎಂದಾದರೆ ಯಂತ್ರ ಬೇಡ. ಉದ್ದ ಹಿಡಿಯ, ಬಕೆಟಿನಲ್ಲೇ ಹಿಂಡುವ ಮಾಪ್ ಅಮ್ಮನವರಿಗೆ ಹೆಚ್ಚು ಉಪಕಾರ.

ಕಾವಿ ನೆಲಕ್ಕೆ ಮೇಣವನ್ನೋ ತೆಂಗಿನೆಣ್ಣೆಯನ್ನೋ ತಿಕ್ಕುವ ರೂಢಿ ನಿಮ್ಮಲ್ಲಿದ್ದರೆ, ತಿಕ್ಕಿದ ಹೊಸತರಲ್ಲಿ ಯಂತ್ರ ಬಿಡಬೇಡಿ. ಚಕ್ರ ಜಾರುತ್ತದೆ, ಬಟ್ಟೆ ಕೆಂಪಾಗುತ್ತದೆ, ಅದೇ ಬಟ್ಟೆ ಬಿಳಿ ಟೈಲ್ಸಿನ ಮೇಲೆ ಗೆರೆ ಎಳೆಯುತ್ತದೆ. ಕಾವಿಗೂ ಟೈಲ್ಸಿಗೂ ಬೇರೆ ಬೇರೆ ಬಟ್ಟೆ ಇಟ್ಟುಕೊಳ್ಳಿ. ಮುಖ್ಯವಾದದ್ದು ಇನ್ನೊಂದು: ನೆಲದ ಮೇಲೆ ಕಾಲುದೀಪ ಉರಿಯುವ ದೇವರ ಕೋಣೆಗೆ ಅದನ್ನು ಬಿಡಲೇಬೇಡಿ. ಯಂತ್ರ ನಡೆಸುವ ಮೊಬೈಲ್ ಆ್ಯಪಿನಲ್ಲಿ ನಿಷಿದ್ಧ ಜಾಗ ಎಂದು ಗುರುತಿಸಿದರೂ ಯಂತ್ರ ಮಾಡಿಕೊಂಡ ಮನೆಯ ನಕ್ಷೆ ಒಮ್ಮೊಮ್ಮೆ ಸರಿದು ತಪ್ಪುತ್ತದೆ. ಬಾಗಿಲು ಹಾಕುವುದೊಂದೇ ಭದ್ರ.

ಪ್ರಶ್ನೆ: ಮಾರ್ಚ್‌ನಲ್ಲಿ ಕೊಂಡಾಗ ಚೆನ್ನಾಗಿಯೇ ಇತ್ತು. ಮಳೆ ಹಿಡಿದ ಮೇಲೆ ಒರೆಸಿದ ಕೋಣೆಯೆಲ್ಲ ಮುಗ್ಗುಲು ವಾಸನೆ. ಯಂತ್ರ ಕೆಟ್ಟಿದೆಯೇ?
– ಗೃಹಿಣಿ, ಉಪ್ಪಳ

ಉತ್ತರ: ಯಂತ್ರ ಕೆಟ್ಟಿಲ್ಲ, ಬಟ್ಟೆ ಹಳಸಿದೆ. ಮೈಕ್ರೋಫೈಬರ್ ಬಟ್ಟೆಯ ಎಳೆಗಳ ನಡುವೆ ಕೊಳೆಯೂ ನೀರೂ ನಿಲ್ಲುತ್ತವೆ. ಆಟಿ ತಿಂಗಳ ಗಾಳಿಯಲ್ಲಿ ಅದು ದಿನವಿಡೀ ಒಣಗುವುದಿಲ್ಲ, ಬ್ಯಾಕ್ಟೀರಿಯಾ ಬೆಳೆಯಲು ಅಷ್ಟು ಸಾಕು. ಮರುದಿನ ಅದೇ ಬಟ್ಟೆ ಓಡಿದರೆ ವಾಸನೆಯನ್ನು ಮನೆಯಿಡೀ ಹಚ್ಚಿದ ಹಾಗೆ.

ಈಗಿರುವ ಬಟ್ಟೆಯನ್ನು ಕೈ ತಾಳುವಷ್ಟು ಬಿಸಿನೀರಿಗೆ ಒಂದು ಚಮಚ ಬಟ್ಟೆ ಸೋಪಿನ ಪುಡಿ ಹಾಕಿ ಅರ್ಧ ಗಂಟೆ ನೆನೆಸಿ, ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ. ಬಟ್ಟೆ ಮೆದುವಾಗಲು ಹಾಕುವ ಕಂಡೀಷನರ್ ಬೇಡ, ಎಳೆಗಳಿಗೆ ಪದರ ಹಿಡಿದು ನೀರು ಹೀರುವ ಗುಣವೇ ಹೋಗುತ್ತದೆ. ಇನ್ನು ಮುಂದೆ ಮಳೆಗಾಲ ಮುಗಿಯುವವರೆಗೆ ಕನಿಷ್ಠ ಮೂರು ಜೊತೆ ಬಟ್ಟೆ ಬೇಕು: ಒಂದು ಓಡುವುದಕ್ಕೆ, ಎರಡು ಫ್ಯಾನಿನಡಿ ಒಣಗುವುದಕ್ಕೆ. ಕೆಲಸ ಮುಗಿದ ಅರ್ಧ ಗಂಟೆಯೊಳಗೆ ಬಟ್ಟೆ ಕಳಚಿ. ಟ್ಯಾಂಕಿನಲ್ಲಿ ಉಳಿದ ನೀರು ಚೆಲ್ಲಿ, ಮುಚ್ಚಳ ತೆರೆದಿಡಿ. ಆ್ಯಪಿನಲ್ಲಿ ನೀರಿನ ಮಟ್ಟವನ್ನು ಅತಿ ಕಡಿಮೆಗೆ ಇಳಿಸಿ, ನೆಲ ಮೊದಲೇ ಬೆವರಿರುತ್ತದೆ.

ಗುಡಿಸುವುದನ್ನೂ ಒರೆಸುವುದನ್ನೂ ಒಟ್ಟಿಗೆ ಮಾಡಿಸುತ್ತಿದ್ದರೆ ಮಳೆಗಾಲದಲ್ಲಿ ನಿಲ್ಲಿಸಿ. ಒದ್ದೆ ಕಾಲಿನ ಕೆಸರನ್ನು ಯಂತ್ರ ಹೀರಿಕೊಂಡರೆ ಧೂಳಿನ ಡಬ್ಬಿಯೊಳಗೆ ಅದು ಮಣ್ಣಿನ ಮುದ್ದೆಯಾಗಿ ಫಿಲ್ಟರಿಗೆ ಅಂಟುತ್ತದೆ, ವಾಸನೆಯ ಎರಡನೆಯ ಮೂಲ ಅಲ್ಲಿದೆ. ತೊಳೆಯಬಹುದು ಎಂದು ಬರೆದಿರುವ ಫಿಲ್ಟರನ್ನು ಮಾತ್ರ ತೊಳೆಯಿರಿ. ತೊಳೆದ ಮೇಲೆ 24 ಗಂಟೆ ಒಣಗಿಸದೆ ಹಾಕಬೇಡಿ.

ನಿಮ್ಮದು ತಾನೇ ಬಟ್ಟೆ ತೊಳೆದುಕೊಳ್ಳುವ ಡಾಕ್ (ಯಂತ್ರ ಹೋಗಿ ನಿಂತು ಚಾರ್ಜ್ ಆಗುವ ನೆಲೆ) ಇರುವ ಮಾದರಿಯಾದರೆ ಕೊಳೆನೀರಿನ ಟ್ಯಾಂಕನ್ನು ದಿನಾ ಖಾಲಿ ಮಾಡಿ. ಎರಡು ದಿನ ಬಿಟ್ಟರೆ ಮುಚ್ಚಳ ತೆಗೆಯಲಾಗದಷ್ಟು ನಾರುತ್ತದೆ. ಬಟ್ಟೆ ಕೂರುವ ತಟ್ಟೆಯ ಗೀರುಗಳಲ್ಲಿ ಕೆಂಪು ಮಣ್ಣು ನಿಂತಿರುತ್ತದೆ, ವಾರಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ.

ಪ್ರಶ್ನೆ: ಹಾಲ್ ಚೆನ್ನಾಗಿ ಒರೆಸುತ್ತದೆ. ಸಿಟೌಟಿನ ಕಪ್ಪು ಗ್ರಾನೈಟ್ ಪಟ್ಟಿಯ ಹತ್ತಿರ ಬಂದ ಕೂಡಲೇ ಹಿಂದೆ ಸರಿಯುತ್ತದೆ. ಏಕೆ?
– ಓದುಗರು, ಕುಂಬಳೆ

ಉತ್ತರ: ಅದಕ್ಕೆ ಆ ಪಟ್ಟಿ ಹೊಂಡದ ಹಾಗೆ ಕಾಣುತ್ತದೆ. ಯಂತ್ರವನ್ನು ಮಗುಚಿ ನೋಡಿ, ಅಂಚಿನಲ್ಲಿ ಉಗುರಿನಷ್ಟು ಅಗಲದ ಕಪ್ಪು ಗಾಜಿನ ಕಿಂಡಿಗಳಿವೆ. ಅವು ಇನ್‌ಫ್ರಾರೆಡ್ ಬೆಳಕು ಬಿಟ್ಟು, ನೆಲಕ್ಕೆ ತಾಗಿ ಮರಳಿದ್ದನ್ನು ಅಳೆಯುತ್ತವೆ. ಮೆಟ್ಟಿಲಿನ ಅಂಚಿನಲ್ಲಿ ಬೆಳಕು ಮರಳುವುದಿಲ್ಲ, ಕಪ್ಪು ಕಲ್ಲು ಅದನ್ನು ಹೀರಿಬಿಡುತ್ತದೆ. ಯಂತ್ರದ ಲೆಕ್ಕಕ್ಕೆ ಎರಡೂ ಒಂದೇ.

ಮೊದಲು ಕಿಂಡಿಗಳನ್ನು ಒಣಬಟ್ಟೆಯಿಂದ ಒರೆಸಿ, ಧೂಳು ಕೂತರೂ ಇದೇ ತೊಂದರೆ ಬರುತ್ತದೆ. ಸಂಜೆಯ ಬಿಸಿಲು ನೇರ ಬೀಳುವ ಪಡುದಿಕ್ಕಿನ ಸಿಟೌಟಾದರೆ ಬೆಳಿಗ್ಗೆ ಓಡಿಸಿ ನೋಡಿ. ಆಗಲೂ ಹಿಂದೆ ಸರಿದರೆ ಕಾರಣ ಕಲ್ಲೇ. ಕಿಂಡಿಗೆ ಬಿಳಿ ಕಾಗದ ಅಂಟಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಅಂಟಿಸಿದರೆ ಕಪ್ಪು ಪಟ್ಟಿ ದಾಟುತ್ತದೆ, ಅದೇ ಓಟದಲ್ಲಿ ಮೆಟ್ಟಿಲು ಇಳಿದು ಅಂಗಳಕ್ಕೂ ಬೀಳುತ್ತದೆ. ಸಿಟೌಟಿಗೆ ಮೆಟ್ಟಿಲಿದ್ದರೆ ಖಂಡಿತ ಬೇಡ. ಆ ಪಟ್ಟಿಯನ್ನು ಕೈಯಲ್ಲೇ ಒರೆಸಿ. ಕೊಳ್ಳುವ ಮೊದಲೇ ಇದು ಗೊತ್ತಾಗಬೇಕಾದರೆ ಅಂಗಡಿಯಲ್ಲಿ ಕಪ್ಪು ಟೈಲ್ಸಿನ ತುಂಡೊಂದನ್ನು ನೆಲಕ್ಕಿಟ್ಟು ಯಂತ್ರ ಬಿಡಲು ಹೇಳಿ.

ಪ್ರಶ್ನೆ: ನಮ್ಮ ಫ್ಲ್ಯಾಟಿನಲ್ಲಿ ಬೋರ್‌ವೆಲ್ ನೀರು. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಹಾಳು ಮಾಡದೆ ರೋಬೋ ಟ್ಯಾಂಕಿಗೆ ಹಾಕಬಹುದೇ? ಜೊತೆಗೆ ಸ್ವಲ್ಪ ಫಿನಾಯಿಲ್, ಕಲ್ಲುಪ್ಪು?
– ಓದುಗರು, ಹೊಸೂರು

ಉತ್ತರ: ಮೂರೂ ಬೇಡ. ಆರ್‌ಒ ಹೊರಬಿಡುವ ನೀರಿನಲ್ಲಿ ಮೂಲ ನೀರಿಗಿಂತ ಹೆಚ್ಚು ಸುಣ್ಣದಂಶ, ಲವಣ ಇರುತ್ತದೆ. ಬಕೆಟಿಗೆ ಹಾಕಿ ಕೈಯಲ್ಲಿ ಒರೆಸಲು ಅಡ್ಡಿಯಿಲ್ಲ. ಯಂತ್ರದ ನೀರಿನ ನಳಿಕೆ ಬಹಳ ಸಣ್ಣದು, ಗಡಸು ನೀರಿನ ಬಿಳಿ ಪೊರೆ ಕಟ್ಟಿದರೆ ಪಂಪ್ ಓಡುತ್ತಿದ್ದರೂ ಬಟ್ಟೆ ಒಣಗಿಯೇ ಇರುತ್ತದೆ. ಬಟ್ಟೆ ಒಂದು ಬದಿ ಮಾತ್ರ ಒದ್ದೆಯಾಗುತ್ತಿದ್ದರೆ ಪೊರೆ ಕಟ್ಟಲು ಶುರುವಾಗಿದೆ ಎಂದು ತಿಳಿಯಿರಿ. ಉಪ್ಪು ಲೋಹದ ಭಾಗಗಳನ್ನು ತಿನ್ನುತ್ತದೆ. ಫಿನಾಯಿಲ್ ನಳಿಕೆಯಲ್ಲಿ ಜಿಡ್ಡು ಕಟ್ಟುತ್ತದೆ, ನೊರೆ ಬರುವ ಸೋಪು ಡಾಕ್‌ನ ಸೆನ್ಸರನ್ನು ತಪ್ಪಿಸುತ್ತದೆ. ಯಂತ್ರದೊಳಗಿನ ಟ್ಯಾಂಕು ಹಿಡಿಯುವುದು ಸಾಮಾನ್ಯವಾಗಿ ಕಾಲು ಲೀಟರಿನ ಆಸುಪಾಸು. ಅಷ್ಟಕ್ಕೆ ಕುಡಿಯುವ ಆರ್‌ಒ ನೀರನ್ನೇ ಹಾಕಿ, ನಷ್ಟವೇನಿಲ್ಲ. ಪರಿಮಳ ಬೇಕೇ ಬೇಕೆಂದರೆ ಯಂತ್ರದ ಕಂಪನಿ ಒಪ್ಪಿದ ದ್ರವವನ್ನು, ಅದು ಹೇಳಿದಷ್ಟೇ ಬಳಸಿ.

ಪ್ರಶ್ನೆ: ಅಡಿಕೆ ಕೃಷಿಕರು ನಾವು. ಮನೆಯೊಳಗೆ ಸಿಪ್ಪೆಯ ನಾರು, ಬೇಸಗೆಯಲ್ಲಿ ಹಲಸಿನ ಮೇಣ. ಯಂತ್ರ ತಾಳೀತೇ? ಕರೆಂಟು ಬಿಲ್ ಎಷ್ಟಾದೀತು?
– ಓದುಗರು, ಮುಳ್ಳೇರಿಯ

ಉತ್ತರ: ಬಿಲ್ಲಿನ ಚಿಂತೆ ಬಿಡಿ. ಸಾಮಾನ್ಯ ಬ್ಯಾಟರಿ 14.4 ವೋಲ್ಟ್, 5200 ಎಂಎಎಚ್. ಪೂರ್ತಿ ಚಾರ್ಜಿಗೆ ಯೂನಿಟಿನ ಹತ್ತನೇ ಒಂದು ಪಾಲು ಸಾಕು. ದಿನಾ ಓಡಿಸಿದರೆ ತಿಂಗಳಿಗೆ ಮೂರು ಯೂನಿಟ್, ಡಾಕ್ ಸುಮ್ಮನೆ ಎಳೆಯುವುದೂ ಸೇರಿದರೆ ಐದಾರು. ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಡಾಕ್ ಆದರೆ ಇದಕ್ಕಿಂತ ಹೆಚ್ಚು.

ಅಡಿಕೆ ನಾರು ತಲೆಗೂದಲಿಗಿಂತ ಕಷ್ಟ. ಬ್ರಷ್ಷಿಗೆ ಸುತ್ತಿ, ಎರಡು ತುದಿಯ ಬೇರಿಂಗಿನೊಳಗೆ ತೂರುತ್ತದೆ. ಹಾಗಾಗಿ ಸುಲಿಯುವ ದಿನಗಳಲ್ಲಿ ಮೊದಲು ಹಿಡಿಸೂಡಿಯಿಂದ ಗುಡಿಸಿಯೇ ಯಂತ್ರ ಬಿಡಬೇಕು. ವಾರಕ್ಕೆ ಎರಡು ಸಲ ಬ್ರಷ್ ಕಳಚಿ, ತುದಿಯ ಮುಚ್ಚಳ ತೆಗೆದು, ಸುತ್ತಿದ ನಾರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಎಳೆಯಿರಿ. ಮುಂದಿನ ಪುಟ್ಟ ಚಕ್ರ ಸಾಮಾನ್ಯವಾಗಿ ಸ್ಕ್ರೂ ಇಲ್ಲದೆ ಸಿಕ್ಕಿಸಿದ್ದು, ನೇರ ಎಳೆದರೆ ಬರುತ್ತದೆ. ಅದರ ಅಚ್ಚಿಗೂ ನಾರು ಸುತ್ತಿರುತ್ತದೆ. ಯಂತ್ರ ನೇರ ಹೋಗದೆ ಒಂದೇ ಕಡೆ ತಿರುಗುತ್ತಿದ್ದರೆ ಮೊದಲು ನೋಡಬೇಕಾದ್ದು ಚಕ್ರಗಳನ್ನೇ.

ಹಲಸಿನ ಮೇಣ ಚಕ್ರಕ್ಕೆ ಹಿಡಿದರೆ ನೀರು ಸೋಪು ಏನೂ ಮಾಡದು. ಬಟ್ಟೆಯ ತುದಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ತಿಕ್ಕಿ, ಕರಗಿದ ಕೂಡಲೇ ಸೋಪು ನೀರಿನ ಬಟ್ಟೆಯಿಂದ ಒರೆಸಿ. ಎಣ್ಣೆ ಉಳಿದರೆ ರಬ್ಬರು ಉಬ್ಬುತ್ತದೆ, ಚಕ್ರ ಜಾರುತ್ತದೆ. ಸೊಳೆ ಬಿಡಿಸುವ ಜಾಗಕ್ಕೆ ಆ ಹೊತ್ತು ಯಂತ್ರ ಬಿಡದಿರುವುದೇ ಒಳ್ಳೆಯದು.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಏಪ್ರಿಲ್‌–ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಶುರುವಾದರೆ ಡಾಕ್‌ನ ಪ್ಲಗ್ಗನ್ನು ಸಾಕೆಟ್ಟಿನಿಂದ ಪೂರ್ತಿ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು.